ಎಂಜಿನ್ನಿನ ಮೊದಲ ನಲವತ್ತು ನಿಮಿಷ

ಎಂಜಿನ್ನಿಗೆ ಕಿವಿ ಬಂದಂದಿನಿಂದ ಮೇಸ್ತ್ರಿಗಳ ಬಾಯಿಗೆ ಬೆಲೆಯಿಲ್ಲದಂತಾಯಿತು ಎಂದು ಕಾಳಪ್ಪ ಬಡಿಗೇರ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಆ ವಾರ ದಿನಕ್ಕೆ ಹತ್ತು ಸಲ ಹೇಳಿದ.

ಹೇಳಿಸುತ್ತಿದ್ದ ಪ್ರಾಣಿ ಶೆಡ್ಡಿನ ನಡುವೆಯೇ ನಿಂತಿತ್ತು. ಗುಡ್ಡ ಹತ್ತುವ ಪಂದ್ಯಕ್ಕೆಂದೇ ಮೈ ಹಗುರ ಮಾಡಿದ ಎರಡು ಬಾಗಿಲಿನ ಕೆಂಪು ಕಾರು. ಬಣ್ಣಕ್ಕೂ ಸ್ವಭಾವಕ್ಕೂ ಒಪ್ಪುವಂತೆ ಅದನ್ನು ಎಲ್ಲರೂ ಬ್ಯಾಡಗಿ ಎನ್ನುತ್ತಿದ್ದರು. ಹೋದ ವರ್ಷ ಪಂದ್ಯದ ನಡುವೆ ಅದರ ಪೆಟ್ರೋಲ್ ಎಂಜಿನ್ ಒಡೆದು, ಒಳಗಿನ ರಾಡು ಎದೆ ಸೀಳಿಕೊಂಡು ಹೊರಗೆ ಬಂದಿತ್ತು. ಈ ವರ್ಷದಿಂದ ಪಂದ್ಯಗಳಲ್ಲಿ ಪೆಟ್ರೋಲಿಗೆ ಪ್ರವೇಶವಿಲ್ಲ. ಹಾಗಾಗಿ ಕಾಳಪ್ಪ ಗುಜರಿಗೆ ಬಂದ ಆಂಬ್ಯುಲೆನ್ಸೊಂದರ ಹೈಡ್ರೋಜನ್ ಎಂಜಿನ್ ಇಳಿಸಿಕೊಂಡು ಬಂದ. ಅದನ್ನು ಹಿಡಿದು ಕೂರಿಸುವ ಮೌಂಟುಗಳನ್ನು ಹೊಸದಾಗಿ ಬೆಸೆದ. ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಹೊಂದುವ ದಪ್ಪ ತಟ್ಟೆಯನ್ನು ಲೇತಿನ ಮುಂದೆ ತಾನೇ ನಿಂತು ಕೊರೆಸಿದ. ಹನ್ನೊಂದು ದಿನದಲ್ಲಿ ಎಂಜಿನ್ನು ಬ್ಯಾಡಗಿಯ ಹೊಟ್ಟೆಯೊಳಗೆ, ಅಲ್ಲೇ ಹುಟ್ಟಿದ್ದೇನೋ ಎಂಬಂತೆ ಕೂತಿತು. ಕೂತದ್ದರಲ್ಲಿ ಕೂದಲೆಳೆಯಷ್ಟೂ ಊನವಿರಲಿಲ್ಲ. ಓಡುವುದೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಅದು ಮಾಡುತ್ತಿತ್ತು.

ಶನಿವಾರ ಬೆಳಿಗ್ಗೆ, ಪಂದ್ಯದಲ್ಲಿ ಕಾರು ಓಡಿಸುವ ರುಬೀನಾ ಅದನ್ನು ಬೈಪಾಸಿನವರೆಗೆ ಒಯ್ದು ವಾಪಸು ತಂದಳು. ಇಳಿದವಳೇ ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲೆ ಇಟ್ಟಳು. ಇಟ್ಟ ಸದ್ದಿನಲ್ಲೇ ಎಲ್ಲ ಗೊತ್ತಾಯಿತು.

"ನಾಕು ಗಾಡಿ ನನ್ನ ಹಿಂದ ಹಾಕಿ ಹೋದ್ವು, ಕಾಳಪ್ಪಕಾಕಾ. ಅದರಾಗ ಒಂದು ಉಳ್ಳಾಗಡ್ಡಿ ಟ್ರ್ಯಾಕ್ಟರ್. ಅದರ ಡ್ರೈವರ್ ನನಗ ಕೈ ಬೀಸಿದ."

"ಇಲ್ಲಿ ರೋಲರ್ ಮ್ಯಾಲ ನೂರಾ ಅರವತ್ತು ಕುದುರಿ ತೋರಸ್ತೈತಿ," ಎಂದ ಕಾಳಪ್ಪ, ಗಾಲಿ ತಿರುಗಿಸಿ ಶಕ್ತಿ ಅಳೆಯುವ ನೆಲದ ಉರುಳೆಗಳ ಕಡೆ ಕೈ ತೋರಿಸಿ. "ನೀ ಹೊರಗ ಒಯ್ದ ಕೂಡ್ಲೆ ನಲವತ್ತಕ್ಕ ಬೀಳ್ತೈತಿ. ಎಂಜಿನ್ನಿಗೆ ನಿನ್ನ ಮ್ಯಾಲ ಏನೋ ಸಿಟ್ಟು ಇರಬೇಕು."

"ನನಗೂ ಅದರ ಮ್ಯಾಲ ಐತಿ. ಇನ್ನ ಎಂಟು ದಿನ ಉಳದಾವು. ಎಂಟ ದಿನ."

ಎಂಟು ದಿನಕ್ಕೆ ಸಂಡೂರಿನ ಗುಡ್ಡದ ಪಂದ್ಯ. ಏಳು ಕಿಲೋಮೀಟರು, ಆರು ನಿಮಿಷ. ಆರು ನಿಮಿಷದೊಳಗೆ ತುದಿ ಮುಟ್ಟದೆ ಎರಡು ವರ್ಷ ಕಳೆದರೆ ಮೇಲಿನ ದರ್ಜೆಯ ಪರವಾನಗಿ ಹೋಗುತ್ತದೆ. ಮತ್ತೆ ಬೇಕೆಂದರೆ ಮೀಸೆ ಮೂಡದ ಹುಡುಗರ ಜೊತೆ ಕೆಳಗಿನ ದರ್ಜೆಯಿಂದ ಶುರು. ಹೋದ ವರ್ಷ ಎಂಜಿನ್ ಒಡೆದು ಒಂದು ವರ್ಷ ಹೋಯಿತು. ರುಬೀನಾಳಿಗೆ ಮೂವತ್ತನಾಲ್ಕು. ವಾರವಿಡೀ ಹುಬ್ಬಳ್ಳಿಯ ಹೆಂಗಸರಿಗೆ ಕ್ಲಚ್ಚು ಬಿಡುವುದನ್ನು ಕಲಿಸಿ, ಉಳಿದ ಹೊತ್ತಿನಲ್ಲಿ ಒಂಬತ್ತು ವರ್ಷ ತೇಯ್ದು ಆ ದರ್ಜೆಗೆ ಏರಿದ್ದಳು.

ಈ ಮಾತುಕತೆಯನ್ನೆಲ್ಲ ಮೂಲೆಯ ಮೇಜಿನ ಹಿಂದೆ, ಕಂಪ್ಯೂಟರಿನ ಪರದೆಗೆ ಮುಖ ಮರೆಮಾಡಿಕೊಂಡು ತನುಜಾ ಕೇಳಿಸಿಕೊಳ್ಳುತ್ತಿದ್ದಳು. ಕಾಳಪ್ಪನ ಅಣ್ಣನ ಮಗಳು. ಆಟೋಮೊಬೈಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಇದೇ ಶೆಡ್ಡಿನಲ್ಲಿ ಎಂಜಿನ್ನುಗಳ ಮಿದುಳಿನ ಕೆಲಸ ಅವಳದು. ಕೈಯ ಕೆಲಸ ಕಾಕಾನದು. ಗಿರಾಕಿಗಳಿಗೆ ಅವನು ಅವಳನ್ನು ತೋರಿಸುವುದು "ನಮ್ಮ ಕಂಪ್ಯೂಟರ್" ಎಂದು. ಅವಳು ಯಂತ್ರವನ್ನಲ್ಲದೆ ಮನುಷ್ಯರನ್ನು ನೋಡಿ ಮಾತಾಡಿದ್ದನ್ನು ಆ ಶೆಡ್ಡುಗಳ ಸಾಲಿನಲ್ಲಿ ಕಂಡವರು ಕಡಿಮೆ.

"ಏನಂತೈತಿ ನಿನ್ನ ಪರದೆ?" ಎಂದು ಕಾಳಪ್ಪ ಕೂಗಿದ.

"ಬಡಿತ ಕೇಳಾಕತ್ತಿಲ್ಲ ಅಂತೈತಿ, ಕಾಕಾ."

"ಬಡಿತ ಇಲ್ಲ ಅಂದ್ರ ಚಲೋ ಅಲ್ಲೇನು?"

ಅದೇ ತಿಳಿಯದ್ದು. ಹೈಡ್ರೋಜನ್ ಪೆಟ್ರೋಲಿಗಿಂತ ಅವಸರದ ಇಂಧನ. ಕಿಡಿ ಹಾರುವ ಮೊದಲೇ ಹೊತ್ತಿಕೊಂಡರೆ ಎಂಜಿನ್ನಿನೊಳಗೆ ಟಕ್ ಎಂದು ಬಡಿತ ಕೇಳುತ್ತದೆ. ಅಂಥ ನಾಲ್ಕು ಬಡಿತಕ್ಕೆ ಪಿಸ್ಟನ್ನು ಬಿರಿಯುತ್ತದೆ. ಅದಕ್ಕೇ ಪ್ರತಿ ಎಂಜಿನ್ನಿಗೂ ಹೆಬ್ಬೆಟ್ಟಿನಷ್ಟು ದೊಡ್ಡ ಕಿವಿಯನ್ನು ಬೋಲ್ಟು ಹಾಕಿ ಬಿಗಿಯಬೇಕೆಂದು ಕಾನೂನು ಬಂತು. ಈ ಕಿವಿ ಗಾಳಿಯಲ್ಲಿ ಬರುವ ಮಾತನ್ನು ಕೇಳದು. ಕಬ್ಬಿಣದಲ್ಲಿ, ನೆಲದಲ್ಲಿ ಹರಿದು ಬರುವ ನಡುಕವನ್ನು ಕೇಳುತ್ತದೆ. ಹೊಸ ಗಾಡಿಯಲ್ಲಿ ಕೂರಿಸಿ ಮೊದಲ ಸಲ ಚಾಲೂ ಮಾಡಿದಾಗ ನಲವತ್ತು ನಿಮಿಷ ಸುಮ್ಮನೆ ಆಲಿಸುತ್ತದೆ. ಆ ನಲವತ್ತು ನಿಮಿಷದಲ್ಲಿ ಕೇಳಿದ್ದೇ ತನ್ನ ಮನೆಯ ಸಹಜ ಸದ್ದು ಎಂದು ನಂಬಿ, ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಆ ಮನೆಯಲ್ಲಿ ಏನಾದರೂ ಬದಲಾದರೆ, ಎಲ್ಲೋ ಏನೋ ಸಡಿಲಾಗಿದೆ ಎಂದು ಹೆದರಿ ಶಕ್ತಿಯನ್ನು ಕಾಲುಭಾಗಕ್ಕೆ ಇಳಿಸುತ್ತದೆ. ಮಾರುವವರು ಎಂಜಿನ್ನಿನ ಹಳೆಯ ರೋಗಗಳನ್ನು ಅಳಿಸಿ ಮೋಸ ಮಾಡಬಾರದೆಂದು, ಒಂದು ಎಂಜಿನ್ನಿಗೆ ಜನ್ಮದಲ್ಲಿ ಮೂರೇ ಸಲ ಕಲಿಯಲು ಅವಕಾಶ; ಸಲಕ್ಕೊಂದು ಮುದ್ರೆ, ಕೊನೆಯದನ್ನು ಒಡೆಯಲು ಸರ್ಕಾರಿ ಮಂಡಳಿಯ ಅಧಿಕಾರಿಯೇ ಬರಬೇಕು. ಬ್ಯಾಡಗಿಯ ಎಂಜಿನ್ನು ಆಂಬ್ಯುಲೆನ್ಸಿನಲ್ಲಿ ಒಮ್ಮೆ ಕಲಿತಿತ್ತು. ಹಿಂದಿನ ವಾರದ ಬುಧವಾರ ಇಲ್ಲಿ ಎರಡನೆಯ ಸಲ ಕಲಿತಿತ್ತು. ಉಳಿದಿದ್ದು ಒಂದು.

ಹತ್ತು ದಿನದಲ್ಲಿ ಮಾಡದ ಪ್ರಯೋಗವಿರಲಿಲ್ಲ. ಇಂಧನದ ಕೊಳವೆ ಬದಲಾಯಿಸಿದರು. ಪ್ಲಗ್ಗು ಬದಲಾಯಿಸಿದರು. ಸೋಮವಾರ ಇಡೀ ದಿನ ರೋಲರಿನ ಮೇಲೂ ಎಂಜಿನ್ನು ಮುನಿಸಿಕೊಂಡು ಕೂತಾಗ, ಕಾಳಪ್ಪ ಮೂರು ಕಿವಿಗಳನ್ನು ಒಂದಾದ ಮೇಲೊಂದು ಬಿಗಿದು ಬಿಚ್ಚಿದ್ದ. ಮಂಗಳವಾರ ಬೆಳಿಗ್ಗೆ ಯಾರೂ ಮುಟ್ಟದೆ ಅದು ತಾನಾಗಿ ನೂರಾ ಅರವತ್ತು ತೋರಿಸಿತು. ಆಗ ಅವನಿಗೆ ಬಂದ ಸಿಟ್ಟು, ಕೆಟ್ಟಾಗಲೂ ಬಂದಿರಲಿಲ್ಲ. ಎಂಜಿನ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ ಒಂದು ಯಂತ್ರ ಬಲು ನಯವಾದ ಕನ್ನಡದಲ್ಲಿ "ತಮ್ಮ ತಾಳ್ಮೆಗೆ ಧನ್ಯವಾದಗಳು" ಎಂದಿತು. "ಇಲ್ಲದ್ದಕ್ಕ ಯಾಕ ಧನ್ಯವಾದ ಹೇಳ್ತಿ?" ಎಂದು ಕಾಳಪ್ಪ ಅದರ ಮೇಲೂ ರೇಗಿದ.

"ಮಂಡಳಿಗೆ ಅರ್ಜಿ ಹಾಕೀನಿ," ಎಂದ ಅವನು ಈಗ ರುಬೀನಾಳಿಗೆ. "ಗುರುವಾರ ಹನ್ನೊಂದಕ್ಕ ಅಧಿಕಾರಿ ಬರ್ತಾನ. ಮೂರನೇ ಮುದ್ರಿ ಒಡದು ಮತ್ತ ಮೊದಲಿಂದ ಕಲಸೂದು. ಈ ಸಲ ಭಟ್ಟರ ಕಡೆ ಇನ್ನೂ ಚಲೋ ಮುಹೂರ್ತ ತಗಿಸೇನಿ. ಹೋದ ಸಲದ್ದರಾಗ ಏನೋ ಐಬು ಇತ್ತು."

ತನುಜಾಳ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಐಬು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಏನೋ ಒಂದು, ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ, ಹತ್ತು ದಿನದಿಂದ ಕಾಡುತ್ತಿತ್ತು.

ಆ ಸಂಜೆ ಮನೆಯಲ್ಲಿ ಅವಳ ಅವ್ವ ಸರೋಜವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಗೆ ಬಾಣಂತನಕ್ಕೆ ಬಂದ ಹುಡುಗಿಯ ಕೂಸು ಮಲಗಿತ್ತು. ಕರೆಂಟು ಹೋಯಿತು. ಹೋದ ಮರುಕ್ಷಣ ಗೋಡೆಯ ಆಚೆ ಕೂಸು ಕಿಟಾರನೆ ಕಿರುಚಿತು.

"ಫ್ಯಾನ್ ನಿಂತಿತು ನೋಡು, ಎದ್ತು," ಎಂದಳು ಸರೋಜವ್ವ, ಕೈ ನಿಲ್ಲಿಸದೆ. "ಸೆಕಿಗೆ ಅಳೂದಲ್ಲ ಅದು. ಸಪ್ಪಳ ನಿಂತದ್ದಕ್ಕ ಅಳ್ತೈತಿ. ನೀನೂ ಹಂಗ ಇದ್ದಿ."

"ನಾನಾ?"

"ಹೂಂ, ನೀನ. ಆಗ ನಮ್ಮ ಗ್ವಾಡಿಗೆ ಗ್ವಾಡಿ ಹತ್ತಿ ಹಿಟ್ಟಿನ ಗಿರಣಿ ಇತ್ತು. ಮುಂಜಾನಿಂದ ಸಂಜೀತನ ದಡದಡ ದಡದಡ. ಬಂದವರು ಕಿವಿ ಮುಚಗೊಂಡು ಕುಂಡ್ರತಿದ್ರು. ನೀ ಗಡದ್ದಾಗಿ ನಿದ್ದಿ. ಐತವಾರ ಗಿರಣಿ ಬಂದ್ ಇತ್ತಂದ್ರ ಮುಗೀತು, ಮನಿ ಮಂದಿನೆಲ್ಲ ಅಳಿಸ್ತಿದ್ದಿ. ನಿಮ್ಮಪ್ಪ ಕೊಡಾ ಬಡದು ಮಲಗಸ್ತಿದ್ದ. ಈಗ ನೋಡಿದ್ರ ಬಾಯಾಗಿಂದ ಮಾತ ಹೊರಡೂದಿಲ್ಲ. ಗಿರಣಿ ಒಳಗ ಹೊಕ್ಕೈತಿ ಅನ್ನಸ್ತೈತಿ."

ತನುಜಾ ತಟ್ಟೆಯ ಮುಂದಿನಿಂದ ಎದ್ದಳು.

"ಏ, ರೊಟ್ಟಿ ಆರತೈತಿ!"

ಅವಳು ಮೊಬೈಲಿನ ಬೆಳಕಿನಲ್ಲಿ ಲ್ಯಾಪ್‌ಟಾಪು ತೆರೆದು, ಹತ್ತು ದಿನದ ನಕ್ಷೆಗಳನ್ನು ಒಂದರ ಕೆಳಗೊಂದು ಹರಡಿದಳು. ಶಕ್ತಿಯ ಗೆರೆ ಬೆಳಿಗ್ಗೆಯೆಲ್ಲ ಎತ್ತರದಲ್ಲಿತ್ತು. ದಿನಾ ಮಧ್ಯಾಹ್ನ ಒಂದೂಕಾಲಿಗೆ ಧೊಪ್ಪನೆ ಕುಸಿದು ಎರಡಕ್ಕೆ ಎದ್ದಿತ್ತು. ಕಾಕಾ ಅದನ್ನು ಬಿಸಿಲಿನ ತಾಪ ಎಂದಿದ್ದ. ಆದರೆ ಶುಕ್ರವಾರದ ಕುಸಿತ ಹನ್ನೆರಡೂಮುಕ್ಕಾಲಿಗೇ ಶುರುವಾಗಿ ಎರಡೂವರೆಯವರೆಗೆ ಇತ್ತು. ಬಿಸಿಲಿಗೆ ಶುಕ್ರವಾರ ಗೊತ್ತಾಗುವುದಿಲ್ಲ.

ಶುಕ್ರವಾರ ಗೊತ್ತಿದ್ದವರು ಒಬ್ಬರು ಇದ್ದರು. ಗೋಡೆಯಾಚೆ ಟಿಂಕರಿಂಗ್ ಶೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ನೆಗ್ಗಿದ ತಗಡುಗಳನ್ನು ಬಡಿದು ಸರಿಮಾಡುತ್ತ ಬಂದ ದಾವಲಸಾಬ, ರುಬೀನಾಳ ಅಪ್ಪ. ಒಂದೂಕಾಲಿಗೆ ನಮಾಜು, ಊಟ. ಶುಕ್ರವಾರ ಜುಮ್ಮಾ. ಇನ್ನು ಆ ಸೋಮವಾರ ಅವರು ನವಲಗುಂದಕ್ಕೆ ನಿಕಾಹಕ್ಕೆ ಹೋಗಿದ್ದರು, ಇಡೀ ದಿನ ಶೆಡ್ಡು ಮುಚ್ಚಿತ್ತು. ಕಾಳಪ್ಪನದೂ ಸಾಲಿನ ಉಳಿದ ಹನ್ನೊಂದು ಶೆಡ್ಡುಗಳೂ ಒಂದೇ ಕಾಂಕ್ರೀಟಿನ ಹಾಸಿನ ಮೇಲೆ, ಒಂದೇ ಕಬ್ಬಿಣದ ತೊಲೆಯ ಕೆಳಗೆ ನಿಂತಿವೆ. ರೋಲರನ್ನು ಹೂಳಿದ್ದೂ ಅದೇ ಹಾಸಿನಲ್ಲಿ. ರೋಲರಿನ ಗುಂಯ್ ಸದ್ದನ್ನು ಲೆಕ್ಕದಿಂದ ಬಿಡುವುದು ಎಂಜಿನ್ನಿಗೆ ಹುಟ್ಟಿನಿಂದಲೇ ಗೊತ್ತು. ದಾವಲಸಾಬರ ಸುತ್ತಿಗೆ ಗೊತ್ತಿಲ್ಲ. ಅದು ಸುತ್ತಿಗೆಯನ್ನು ಮನೆಯೆಂದು ಕಲಿತಿತ್ತು. ಹೊರಗೆ ರಸ್ತೆಯಲ್ಲಿ ಆ ಸದ್ದು ಕೇಳದೆ, ಮನೆಯೇ ಕಳಚಿಬಿದ್ದಿತೆಂದು ಗಾಬರಿಗೊಂಡು ಮುದುಡುತ್ತಿತ್ತು.

ಇಷ್ಟು ಹೊಳೆದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ; ಅವಳು ಎಂಜಿನ್ನಿನ ಕೈಪಿಡಿ ತೆರೆದಳು.

ಕೈಪಿಡಿಯ ನಲವತ್ತಮೂರನೆಯ ಪುಟದಲ್ಲಿ ಅದು ಬರೆದಿತ್ತು: ಕಲಿಕೆಯ ಅವಧಿಯಲ್ಲಿ ಅದೇ ನೆಲದ ಮೇಲೆ ಬೇರೆ ಯಾವ ಬಡಿತವೂ ಇರಕೂಡದು. ಅವಳು ಅದನ್ನು ಓದಿದ್ದಳು. ಆ ಬುಧವಾರ, ಭಟ್ಟರು ಕೊಟ್ಟ ಹತ್ತು ನಲವತ್ತರ ಮುಹೂರ್ತಕ್ಕೆ ಕಾಳಪ್ಪ ಎಂಜಿನ್ನಿಗೆ ಕುಂಕುಮ ಹಚ್ಚಿ ಕಾಯಿ ಎತ್ತಿದಾಗ, ಗೋಡೆಯಾಚೆ ಸುತ್ತಿಗೆ ಎಂದಿನಂತೆ ಬೀಳುತ್ತಿದ್ದಾಗ, ಅವಳು ಹೇಳಿಯೂ ಇದ್ದಳು: "ಕಾಕಾ, ಸಪ್ಪಳ ಇರಬಾರದಂತ." ಅವಳ ದನಿಯೇ ಅಂಥದ್ದು, ಕಾಯಿ ಒಡೆದ ಸದ್ದಿನಡಿ ಅದು ಸತ್ತುಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಹೇಳಬಹುದಿತ್ತು. ಎಲ್ಲರೂ ಕೈ ಮುಗಿದು ನಿಂತ ಹೊತ್ತಿನಲ್ಲಿ ಅಪಶಕುನದಂತೆ ನಡುವೆ ಬಾಯಿ ಹಾಕುವುದು ಹೇಗೆ? ಹೇಳಿದೆನಲ್ಲ, ಸಾಕು, ಎಂದುಕೊಂಡಳು. ಆ ದಿನದ ಪುಟ ತೆಗೆದರೆ ಅವಳ ನೋಟುಬುಕ್ಕಿನಲ್ಲೂ ಅದೇ ಇತ್ತು: 'ಹೇಳಿದೆ.' ಅದರಷ್ಟು ಪುಕ್ಕಲು ಪದವನ್ನು ತಾನು ಇನ್ನೊಂದು ಬರೆದಿಲ್ಲ ಎನಿಸಿತು. ಹಾಳೆ ಹರಿಯಲು ಹೋದಳು. ಹರಿದರೆ ಅದೂ ಪುಕ್ಕಲುತನವೇ. ಪುಸ್ತಕ ಮುಚ್ಚಿದಳು.

ಭಾನುವಾರ ಅವಳಿಗೆ ಬೆಳಗಾದದ್ದೂ ಕತ್ತಲಾದದ್ದೂ ತಪ್ಪೊಪ್ಪಿಗೆಯ ಒಂದೇ ವಾಕ್ಯದ ಬಾಯಿಪಾಠದಲ್ಲಿ. ಸೋಮವಾರ ಶೆಡ್ಡಿಗೆ ಹೋದಾಗ ಆ ವಾಕ್ಯ ಮರೆತೇಹೋಯಿತು. ಕಾಳಪ್ಪ, ರುಬೀನಾ ಇಬ್ಬರೂ ಇದ್ದರು. ಬಾಯಿಗೆ ಬಾರದ್ದನ್ನು ಕೈಯಿಂದ ಮಾಡಿ ತೋರಿಸುವುದೇ ಸುಲಭ ಎನಿಸಿ, ಕಾರನ್ನು ರೋಲರಿನ ಮೇಲೆ ಚಾಲೂ ಮಾಡಿಸಿ, ನೂರಾ ಅರವತ್ತು ಬಂದೊಡನೆ ಅವಳು ಪಕ್ಕದ ಶೆಡ್ಡಿಗೆ ಹೋದಳು.

"ಚಾಚಾ, ಒಂದೆರಡು ನಿಮಿಷ ಬಡಿಯೂದು ನಿಲ್ಲಸ್ತೀರೇನು?"

ದಾವಲಸಾಬರು ಮಡ್‌ಗಾರ್ಡಿನಿಂದ ತಲೆ ಎತ್ತಿದರು. "ಯಾಕ ಬೇಟಿ, ತಲಿ ನೋಯ್ತೈತೇನು?"

"ಇಲ್ರೀ. ಸುಮ್ನ."

ಸುತ್ತಿಗೆ ನಿಂತಿತು. ಗೋಡೆಯಾಚೆ ಎಂಜಿನ್ನಿನ ದನಿ ಕುಗ್ಗಿತು, ಯಾರೋ ಬೈದ ಮಗುವಿನಂತೆ. "ಏ ಏ ಏ, ಮತ್ತ ಬಿತ್ತು!" ಎಂದು ಕಾಳಪ್ಪ ಕೂಗಿದ್ದು ಕೇಳಿಸಿತು.

"ಈಗ ಬಡೀರಿ."

ಬಡಿದರು. ಎಂಜಿನ್ನು ಎದ್ದಿತು. ಮತ್ತೆ ನಿಲ್ಲಿಸಿದರು, ಮತ್ತೆ ಬಿತ್ತು. ಮೂರನೆಯ ಸಲಕ್ಕೆ ಕಾಳಪ್ಪನೂ ರುಬೀನಾಳೂ ಬಾಗಿಲಲ್ಲಿ ನಿಂತಿದ್ದರು. ದಾವಲಸಾಬರು ತಮ್ಮ ಕೈಯ ಸುತ್ತಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಾಳಪ್ಪ ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕುಸಿದು ಕೂತ.

"ಅಂದ್ರ ಇಂವನ್ನ ಡಿಕ್ಕಿಯೊಳಗ ಕೂಡ್ರಿಸಿ ಬಡಿಯಾಕ ಹಚ್ಚಿದ್ರ ಸಂಡೂರ ಗೆದ್ದಂಗ ಅನ್ನು," ಎಂದ.

"ಬರ್ತೀನಿ," ಎಂದರು ದಾವಲಸಾಬರು. "ಬುತ್ತಿ ಕಟ್ಟಸ್ರಿ."

ರುಬೀನಾ ನಗಲಿಲ್ಲ. "ಇದು ನಿನಗ ಯಾವಾಗ ಗೊತ್ತಾತು, ತನೂ?"

"ಶನಿವಾರ ಸಂಜೀಕ. ಆದ್ರ..." ತನುಜಾ ನೆಲದ ಮೇಲಿದ್ದ ತಗಡಿನ ಚೂರುಗಳನ್ನು ನೋಡಿದಳು. ಇಲ್ಲಿಗೇ ಬಿಟ್ಟರೆ ತಾನು ಜಾಣೆ. ಮುಂದೆ ಹೇಳಿದರೆ ಅಲ್ಲ. "ಆದ್ರ ಸಪ್ಪಳ ಇರಬಾರದು ಅಂತ ಪುಸ್ತಕದಾಗ ಬರದಿತ್ತು. ನಾ ಮೊದಲ ಓದಿದ್ದೆ, ಅಕ್ಕಾ. ಆ ದಿನ ಒಂದ್ಸಲ ಹೇಳಿದೆ, ಯಾರಿಗೂ ಕೇಳಲಿಲ್ಲ. ಎರಡನೇ ಸಲ ಹೇಳಲಿಲ್ಲ."

"ಮುಹೂರ್ತದಾಗ ಐಬು ಇರಲಿಲ್ಲ ಹಂಗಾರ," ಎಂದ ಕಾಳಪ್ಪ, ಅದೊಂದು ಸಮಾಧಾನವೆಂಬಂತೆ.

"ಹತ್ತು ದಿನ," ಎಂದಳು ರುಬೀನಾ. ಕೂಗಾಡಿದ್ದರೆ ಚೆನ್ನಾಗಿತ್ತು, ಅವಳು ಮೆಲ್ಲಗೇ ಹೇಳಿದಳು. "ಹತ್ತು ದಿನ ನಾ ನನ್ನ ಕಾಲಿನ್ಯಾಗ ದೋಷ ಐತೇನು ಅಂತ ಹುಡಕೀನಿ. ವಯಸ್ಸಾತೇನು ಅಂತ ಕನ್ನಡಿ ನೋಡಕೊಂಡೀನಿ. ನೀ ಒಂದು ಮಾತು ನುಂಗಿದ್ದಕ್ಕ."

ತನುಜಾ ಬಗ್ಗಿ ಕಾಲಬಳಿಯ ತಗಡಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

"ಗುರುವಾರ ಕಾರು ಊರ ಹೊರಗ ಒಯ್ದು ಕಲಸೂಣು," ಎಂದು ಕಾಳಪ್ಪ ದಾರಿ ಹುಡುಕಿದ.

"ಆಗಂಗಿಲ್ಲ ಕಾಕಾ. ಕಡೇ ಮುದ್ರಿ ಒಡಿಯೂದು ನೋಂದಾಯಿಸಿದ ಶೆಡ್ಡಿನಾಗ, ಅವರ ಆಫೀಸ್ ಟೈಮಿನ್ಯಾಗ, ಅಧಿಕಾರಿ ಎದುರಿಗೇ ಆಗಬೇಕು. ಇಲ್ಲೇ ಆಗಬೇಕು."

"ಅಂದ್ರ ಇಡೀ ಸಾಲು ನಲವತ್ತು ನಿಮಿಷ ಬಂದ್ ಆಗಬೇಕು. ಹನ್ನೊಂದು ಶೆಡ್ಡು. ಯಾರು ಕೇಳವರು?"

ರುಬೀನಾ ಹೆಲ್ಮೆಟ್ಟು ಎತ್ತಿಕೊಂಡಳು. "ಯಾರು ನುಂಗ್ಯಾರೋ ಅವರ ಕೇಳಲಿ," ಎಂದು ಹೊರಟಳು. ಡ್ರೈವಿಂಗ್ ಕ್ಲಾಸಿಗೆ ಹೊತ್ತಾಗಿತ್ತು.

ಅಂಗಡಿಯ ಮುಂದೆ ನಿಂತು 'ನೀವು ಕೆಲಸ ನಿಲ್ಲಿಸಿ' ಎಂದು ಕೇಳುವುದು ಎಂಥ ಕಷ್ಟವೆಂದು ತಿಳಿಯಬೇಕಾದರೆ ಕೆಲಸವಿರುವ ಓಣಿಯಲ್ಲಿ ಕೇಳಬೇಕು. ಲೇತಿನ ಫಕೀರಪ್ಪ, "ನಲವತ್ತು ನಿಮಿಷ ಸುಮ್ನ? ಸತ್ತವರ ಮನ್ಯಾಗೂ ಮಂದಿ ಅಷ್ಟೊತ್ತು ಸುಮ್ನ ಇರಂಗಿಲ್ಲವಾ," ಎಂದ. ರೇಡಿಯೇಟರಿನವನು ನಾಳೆ ಬಾ ಎಂದ. ನಾಳೆ ಹೋದರೆ ನಾಡಿದ್ದು ಎಂದ. ಕಿಟಕಿ ಗ್ರಿಲ್ಲು ಬೆಸೆಯುವವನು ಅವಳ ಮಾತು ಮುಗಿಯುವಷ್ಟರಲ್ಲಿ ಮುಖವಾಡ ಇಳಿಸಿ ಕಿಡಿ ಹಾರಿಸತೊಡಗಿದ್ದ. ಲಾರಿಯ ಕಮಾನಿನ ಉಕ್ಕಿನ ಪಟ್ಟಿ ಬಾಗಿಸುವ ಯಮನಪ್ಪನ ಮುಂದೆ ಮೂರು ಸಲ ಹೇಳಿದಳು. ಮೂರು ಸಲವೂ ಅವನು "ಹಾಂ?" ಎಂದ. ನಾಲ್ಕನೆಯ ಸಲ ಅವಳಿಗೆ ಎಲ್ಲಿತ್ತೋ ಆ ದನಿ, "ಗುರುವಾರ ಹನ್ನೊಂದಕ್ಕ ಬಡೀಬ್ಯಾಡ್ರೀ!" ಎಂದು ಕಿರುಚಿದಳು.

ಯಮನಪ್ಪ ಬೆಚ್ಚಿ ಸುತ್ತಿಗೆ ಇಳಿಸಿದ. "ಅಷ್ಟ್ಯಾಕ ಚೀರ್ತೀಯವಾ? ಕಿವುಡೇನು ನಾ?"

ಅವಳು ಸೋತು ನಕ್ಕಳು. ಅವನೂ ನಕ್ಕ. ಕೂತು ಎಲ್ಲ ಕೇಳಿಸಿಕೊಂಡು, "ಸಾಬರ ಮಗಳ ಗಾಡಿ ಅಂತ ಮೊದಲ ಹೇಳಬೇಕೊ ಬ್ಯಾಡೊ?" ಎಂದ. ಉಳಿದವರ ಹತ್ತಿರ ಅದನ್ನೇ ಮೊದಲು ಹೇಳಿದಳು. ಬುಧವಾರ ಸಂಜೆಗೆ ಹನ್ನೊಂದೂ ಒಪ್ಪಿದ್ದವು. ಅವುಗಳಲ್ಲಿ ನಾಲ್ಕು ಬೈದುಕೊಂಡು.

ಗುರುವಾರ ಹನ್ನೊಂದಕ್ಕೆ ಸಾಲು ನಿಂತಿತು. ಲೇತುಗಳು ತಿರುಗಿ ತಿರುಗಿ ಸುಸ್ತಾಗಿ ನಿಂತವು. ಕಂಪ್ರೆಸರು ಕೊನೆಯ ಉಸಿರು ಬಿಟ್ಟಿತು. ಮೂವತ್ತು ನಲವತ್ತು ಮಂದಿ ಕೈ ಒರೆಸಿಕೊಳ್ಳುತ್ತ ಹೊರಬಂದು, ಅದುವರೆಗೆ ಕೂಗಿಯೇ ಮಾತಾಡಿದವರು ಹೇಗೆ ಮಾತಾಡಬೇಕೆಂದು ತಿಳಿಯದೆ ನಿಂತರು. ಎಲ್ಲ ಸಿದ್ಧವಿತ್ತು. ಅಧಿಕಾರಿ ಬಂದಿರಲಿಲ್ಲ.

ಹನ್ನೊಂದೂ ಹತ್ತು. ಹನ್ನೊಂದೂ ಇಪ್ಪತ್ತು. ಫೋನು ಮಾಡಿದರೆ "ದಾರಿಯಲ್ಲಿದ್ದೇನೆ" ಎಂದ. ಯಾವ ಊರಿನ ದಾರಿ ಎಂದು ಹೇಳಲಿಲ್ಲ. ಹನ್ನೊಂದೂವರೆಗೆ ಫಕೀರಪ್ಪ, "ಗಿರಾಕಿ ಬಂದು ನಿಂತಾನ, ನಿಮ್ಮ ಸಾಹೇಬ ಬರೂದರಾಗ ನನಗ ಮುಪ್ಪು ಬರ್ತೈತಿ," ಎಂದು ಒಳಗೆ ನಡೆದ. ನಿಶ್ಶಬ್ದವನ್ನು ಬೇಡಿ ತಂದು, ಬರಿದೇ ಚೆಲ್ಲಿ ಮುಗಿಸಿದಂತಾಯಿತು. ತನುಜಾಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಮುಂದಾಯಿತು. ಅವಳು ಮೊದಲ ಶೆಡ್ಡಿನಿಂದ ಮತ್ತೆ ಹೊರಟಳು. ಈ ಸಲ ಪೀಠಿಕೆ ಹಾಕಲಿಲ್ಲ. "ಇನ್ನ ನಲವತ್ತು ನಿಮಿಷ ಬೇಕ್ರೀ. ಇದ ಕಡೀದು. ಇದು ಹ್ವಾದ್ರ ಆ ಎಂಜಿನ್ನಿಗೆ ಇನ್ನೊಂದು ಕಲಿಕಿ ಇಲ್ಲ." ಹನ್ನೊಂದು ಶೆಡ್ಡಿನಲ್ಲೂ ಅದನ್ನೇ ಹೇಳಿದಳು. ಫಕೀರಪ್ಪನಿಗೆ ಎರಡು ಸಲ.

ಹನ್ನೊಂದೂ ಐವತ್ತಕ್ಕೆ ಅಧಿಕಾರಿ ಬಂದ. ಚಹಾ ಬೇಡವೆಂದ, ಕುಡಿದ. ಮೂರನೆಯ ಮುದ್ರೆಗೆ ಯಂತ್ರದ ಕೀಲಿ ತಗುಲಿಸಿದ. ಪರದೆಯ ಮೇಲೆ ಹಳೆಯ ಗೆರೆಗಳೆಲ್ಲ ಅಳಿಸಿಹೋದವು. ಕಾಳಪ್ಪ ಕೈಯಲ್ಲಿದ್ದ ಕಾಯಿಯನ್ನು ಒಡೆಯದೆ ಎಂಜಿನ್ನಿಗೆ ಮುಟ್ಟಿಸಿ, ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಎಂಜಿನ್ನು ಚಾಲೂ ಆಯಿತು.

ತಗಡಿನ ಮಾಡಿನ ಮೇಲೆ ಪಾರಿವಾಳಗಳು ನಡೆದಾಡುವುದು ಕೇಳುತ್ತದೆಂದು ಆ ಸಾಲಿನವರಿಗೆ ಅಂದೇ ಗೊತ್ತಾಯಿತು. ದಾವಲಸಾಬರು ಕಂಬಕ್ಕೆ ಒರಗಿ ಕೂತಿದ್ದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರ ಬಲಗೈ ಬೆರಳುಗಳು ತಾವಾಗಿ ಕಂಬವನ್ನು ತಟ್ಟತೊಡಗಿದವು. ಕಂಬದ ಮೇಲೆಯೇ ತೊಲೆ. ರುಬೀನಾ ಆ ಕೈಯನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಮೂವತ್ತು ನಿಮಿಷ ಹಿಡಿದೇ ಇದ್ದಳು. ಪ್ರತಿ ಸಲ ಯಾರಾದರೂ ಕಾಲು ಎಳೆದಾಗ ತನುಜಾ ಪರದೆಯ ಗೆರೆಯತ್ತ ತಿರುಗಿದಳು.

ಹಸಿರು ದೀಪ ಹತ್ತಿತು. ಅಧಿಕಾರಿ ಸಹಿ ಮಾಡಿ ಹೊರಟ. ಉಳಿದವರು ಅಲ್ಲಾಡಲಿಲ್ಲ. ರೋಲರಿನ ಮೇಲೆ ನೂರಾ ಅರವತ್ತು ನಿಂತಿತ್ತು. ಆದರೆ ಅದು ಮೊದಲೂ ನಿಂತಿತ್ತಲ್ಲ!

"ಈಗ ಬಡೀರಿ, ಚಾಚಾ," ಎಂದಳು ತನುಜಾ.

"ಬಡೀಲಾ?"

"ಜೋರು ಬಡೀರಿ."

ಅವರು ಎದ್ದು ಹೋದರು. ಮೊದಲ ಪೆಟ್ಟು ಮಡ್‌ಗಾರ್ಡಿನ ಮೇಲೆ ಬಿತ್ತು, ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಎಂಜಿನ್ನು ಬೆಚ್ಚಿತು. ನೂರಾ ಅರವತ್ತು ಜಾರಿ ನೂರಾಯಿತು, ಎಪ್ಪತ್ತಾಯಿತು, ನಲವತ್ತಕ್ಕೆ ಬಂದು ಮುದುಡಿತು.

"ಬಿತ್ತು!" ಎಂದು ಕಾಳಪ್ಪ ಕುಣಿದ. ಎಂಜಿನ್ನು ಕೆಟ್ಟಿತೆಂದು ಯಾವ ಮೇಸ್ತ್ರಿಯೂ ಹಾಗೆ ಕುಣಿದಿರಲಾರ. "ಬಿತ್ತಲೇ! ಹೆದರತು! ಗುರ್ತ ಸಿಗವಲ್ದು ಅದಕ್ಕ!" ತೊಡೆಯ ಮೇಲಿಂದ ಕಾಯಿ ಉರುಳಿ ಕಾರಿನಡಿ ಹೋಯಿತು.

ದಾವಲಸಾಬರು ಬಾಗಿಲಿಗೆ ಬಂದು ನಿಂತರು. "ನನ್ನ ಸದ್ದು ಪೂರಾ ಮರತಬಿಡ್ತೇನು, ಬೇಟಿ?"

"ಪೂರಾ, ಚಾಚಾ."

"ಚಲೋ ಆತು," ಎಂದರು ಅವರು. ಬಾನೆಟ್ಟನ್ನೊಮ್ಮೆ ತಟ್ಟಿ ಕೆಲಸಕ್ಕೆ ಹೋದರು. ಹಿಂದೆಯೇ ಹನ್ನೊಂದು ಶೆಡ್ಡುಗಳೂ ಒಟ್ಟಿಗೆ ಬಾಯಿ ತೆರೆದವು.

ಭಾನುವಾರ ಸಂಡೂರಿನಲ್ಲಿ ಗುಡ್ಡಗಳು ಮಳೆ ಕಂಡ ಮೇಲಿನ ಕೆಂಪಿನಲ್ಲಿದ್ದವು. ರುಬೀನಾಳ ಸರದಿ ಹದಿನಾಲ್ಕನೆಯದು. ತನುಜಾ ತುದಿಯ ಗುಡಾರದಲ್ಲಿ, ಕಾರಿನಿಂದ ಬರುವ ಗೆರೆಗಳನ್ನು ನೋಡುತ್ತ ಕೂತಿದ್ದಳು. ಗೆರೆ ಒಮ್ಮೆಯೂ ಮುದುಡಲಿಲ್ಲ. ಬ್ಯಾಡಗಿ ಕೊನೆಯ ತಿರುವಿನಿಂದ ಹೊರಬಿದ್ದಾಗ ಅವಳು ಸ್ಟಾಪ್‌ವಾಚನ್ನೂ ನೋಡಲಿಲ್ಲ. ಕಾಳಪ್ಪ ನೋಡಿದ, ನೋಡಿ ಕೂಗಿದ.

ಐದು ನಿಮಿಷ, ಐವತ್ತಾರು ಸೆಕೆಂಡು.

ಪರವಾನಗಿ ಉಳಿಯಿತು. ಅಪ್ಪಿಕೊಳ್ಳುವವರೆಲ್ಲ ಅಪ್ಪಿಕೊಂಡು ಮುಗಿದ ಮೇಲೆ ರುಬೀನಾ ಗುಡಾರಕ್ಕೆ ಬಂದಳು. ಸೋಮವಾರದಿಂದ ಅವಳು ತನುಜಾಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಈಗಲೂ ಆಡಲಿಲ್ಲ. ಬಾಟಲಿಯಿಂದ ನೀರು ಕುಡಿದು, ಬಾಯಿ ಒರೆಸಿಕೊಂಡು, "ಬರೇ ನಾಕು ಸೆಕೆಂಡು ಉಳದಾವು," ಎಂದಳು. "ಐವತ್ತಕ್ಕ ಬರಬೇಕಿತ್ತು. ಆ ಕಲ್ಲಿನ ಗ್ವಾಡಿ ಇರೋ ತಿರುವಿನ್ಯಾಗ ಎಂಜಿನ್ ಎಳೀಲಿಲ್ಲ. ನೋಡು, ಅಲ್ಲಿ ಏನಾಗೈತಿ."

ಕಾಳಪ್ಪ ಆಗಲೇ ಸ್ಪ್ಯಾನರಿನ ಚೀಲಕ್ಕೆ ಕೈ ಹಾಕಿದ್ದ. ತನುಜಾ ಗೆರೆಗಳನ್ನು ಹಿಂದಕ್ಕೆ ಸರಿಸಿದಳು. ಕಲ್ಲಿನ ಗೋಡೆಯ ತಿರುವು. ಎರಡು ಗೆರೆಗಳು: ಒಂದು ಎಂಜಿನ್ನಿನದು, ಒಂದು ಪೆಡಲಿನದು. ಅವಳು ಎರಡನ್ನೂ ಒಮ್ಮೆ ನೋಡಿದಳು. ಎರಡನೆಯ ಸಲ ನೋಡುವ ಅಗತ್ಯವಿರಲಿಲ್ಲ.

"ಎಂಜಿನ್ ಎಳದೈತಿ, ಅಕ್ಕಾ," ಎಂದಳು. "ನೀವು ಕಾಲು ತಗದೀರಿ."

ಕಾಳಪ್ಪನ ಕೈ ಚೀಲದಲ್ಲೇ ನಿಂತಿತು.

"ನಾ ತಗದಿಲ್ಲ," ಎಂದಳು ರುಬೀನಾ.

"ತಗದೀರಿ. ಒಂದೂವರಿ ಸೆಕೆಂಡ್." ತನುಜಾ ಪರದೆಯನ್ನು ಅವಳ ಕಡೆ ತಿರುಗಿಸಿದಳು. ದನಿ ಗುಡಾರದಲ್ಲಿದ್ದ ಎಲ್ಲರಿಗೂ ಕೇಳಿಸುವಷ್ಟಿತ್ತು. "ಗ್ವಾಡಿ ನೋಡಿ ಹೆದರೀರಿ. ಇಲ್ಲಿ ನೋಡ್ರಿ."

ರುಬೀನಾ ಬಗ್ಗಿ ನೋಡಿದಳು. ಆಮೇಲೆ ಪಕ್ಕದ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು, ತನುಜಾಳ ಭುಜಕ್ಕೆ ಭುಜ ತಾಗುವಂತೆ ಕೂತಳು.

"ಹೌದು, ತಗದೆ," ಎಂದಳು. "ಮತ್ತ ಎಲ್ಲೆಲ್ಲಿ ತಗದೀನಿ, ಹೇಳು."